ಮಳೆಗೆ ಮುನ್ನ ಹದಿನೈದು ದಿನ

ಬೇಸಗೆಯೆಂಬುದು ಪಟ್ಟಣದವರಿಗೆ ಒಂದೇ ಋತು. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಅದು ಎರಡು. ಯುಗಾದಿಯಿಂದ ವೈಶಾಖದ ಹುಣ್ಣಿಮೆಯವರೆಗಿನದು ಮದುವೆ ಮುಂಜಿಗಳ ಬೇಸಗೆ, ನೆಂಟರಿಷ್ಟರ ಬೇಸಗೆ. ಕೃತ್ತಿಕಾ ನಕ್ಷತ್ರ ಹುಟ್ಟುವ ಮೇ 11ರ ಸುಮಾರಿನಿಂದ ರೋಹಿಣಿ ಹುಟ್ಟುವ ಮೇ 25ರವರೆಗಿನ ಹದಿನೈದು ದಿನಗಳದ್ದು ಬೇರೆಯೇ ಒಂದು ಬೇಸಗೆ. ಆಗ ಮನೆಯಲ್ಲಿ ಯಾರ ಬಾಯಿಂದ ಯಾವ ಮಾತು ಹೊರಟರೂ ಅದಕ್ಕೆ ‘ಮಳೆ ಹಿಡಿಯುವುದರೊಳಗೆ’ ಎಂಬ ಬಾಲವೊಂದು ಅಂಟಿಕೊಂಡೇ ಇರುತ್ತದೆ. ಮಳೆ ಹಿಡಿಯುವುದರೊಳಗೆ ಹೆಂಚು ಕೈಯಾಡಿಸಬೇಕು. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಳಗೆ ಬರಬೇಕು. ಮಳೆ ಹಿಡಿಯುವುದರೊಳಗೆ ಮಾಣಿಯ ತಲೆಗೂದಲು ಕತ್ತರಿಸಬೇಕು. ಮಳೆ ಬರುವುದು ಬೇರೆ, ಮಳೆ ಹಿಡಿಯುವುದು ಬೇರೆ. ಬಂದ ಮಳೆ ಹೋಗುತ್ತದೆ. ಹಿಡಿದ ಮಳೆ ಮೂರು ತಿಂಗಳು ಬಿಡುವುದಿಲ್ಲ. ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಈ ಎರಡು ಕ್ರಿಯಾಪದಗಳ ಅಂತರವನ್ನು ತಿಳಿಸಿಕೊಡಲು ನಾನು ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದೇನೆ.

ನಾನು ಹುಟ್ಟಿ ಬೆಳೆದ ಮನೆ ಸಾಗರಕ್ಕೂ ಸಿದ್ದಾಪುರಕ್ಕೂ ನಡುವಿನ ಒಂದು ಕಣಿವೆಯಲ್ಲಿದೆ. ಮದುವೆಯಾಗಿ, ದೂರದ ಊರೊಂದರ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಇಪ್ಪತ್ತು ವರ್ಷಗಳಾದುವು. ಸೆಮಿಸ್ಟರ್ ಪದ್ಧತಿ ಬಂದಮೇಲೆ ನಮ್ಮ ಬೇಸಗೆ ರಜೆ ಯಾವಾಗ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಪಂಚಾಂಗ ಬರೆಯುವವರೂ ಹೇಳಲಾರರು. ಆದರೂ ಹೇಗೋ ಮಾಡಿ ಆ ಹದಿನೈದು ದಿನಗಳಲ್ಲಿ ಎಂಟು ಹತ್ತನ್ನಾದರೂ ತವರಿಗೆಂದು ಉಳಿಸಿಕೊಳ್ಳುತ್ತೇನೆ. 2025ರ ಮೇ ತಿಂಗಳಲ್ಲಿ ಹೋಗಿದ್ದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿರುವವರಲ್ಲಿ ಎಲ್ಲರಿಗಿಂತ ಹಿರಿಯಳು ಎಂಬತ್ತೆಂಟು ವರ್ಷದ ಅಜ್ಜಿ. ನಮಗೆಲ್ಲ ಅವಳು ಅಮ್ಮಮ್ಮ. ಅವಳ ಬಳಿಕ ಆಯಿ. ಅಪ್ಪಯ್ಯ ತೀರಿಹೋಗಿ ಬಹಳ ಕಾಲವಾಯಿತು. ಅಣ್ಣ, ಅತ್ತಿಗೆ, ತಮ್ಮ, ತಮ್ಮನ ಹೆಂಡತಿ, ಎರಡು ಕಡೆಯಿಂದ ನಾಲ್ಕು ಮಕ್ಕಳು. ಇವರಲ್ಲಿ ಅಣ್ಣನ ಹಿರಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ಅವನು ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದು, ಮನೆಯ ಮೆತ್ತಿಯ ಮೇಲೆ, ಕಿಟಕಿಯ ಪಕ್ಕದಲ್ಲಿ ಸಿಗ್ನಲ್ ಸಿಗುವ ಮೂರಡಿ ಜಾಗದಲ್ಲಿ ತನ್ನ ಕಚೇರಿಯನ್ನು ತೆರೆಯುತ್ತಾನೆ.

ಇದು ಅವಿಭಕ್ತ ಕುಟುಂಬವೆ? ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು 1953ರಲ್ಲಿ ಗ್ರಂಥ ಬರೆದ ಇರಾವತಿ ಕರ್ವೆಯವರು ಅವಿಭಕ್ತ ಕುಟುಂಬಕ್ಕೆ ಕೊಟ್ಟ ಲಕ್ಷಣಗಳು ಪ್ರಸಿದ್ಧವಾಗಿವೆ: ಸೂರು ಒಂದಿರಬೇಕು, ಒಲೆ ಒಂದಿರಬೇಕು, ಆಸ್ತಿ ಒಂದಿರಬೇಕು, ಪೂಜೆ ಒಂದಿರಬೇಕು, ಇರುವವರು ಬಂಧುಗಳಾಗಿರಬೇಕು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಮನೆ 2016ರಲ್ಲಿಯೇ ಮುರಿದುಹೋಗಿದೆ. ಆ ವರ್ಷ ಹಿಸೆಯಾಯಿತು. ಸೂರು ಒಂದೇ ಉಳಿಯಿತು. ಒಲೆ ಎರಡಾಯಿತು, ತೋಟ ಎರಡಾಯಿತು. ದೇವರು ಅಣ್ಣನ ಪಾಲಿಗೆ, ಅಡಿಕೆ ಒಣಗಿಸುವ ಅಂಗಳದ ಹೆಚ್ಚಿನ ಭಾಗ ತಮ್ಮನ ಪಾಲಿಗೆ ಬಂದುವು. ಹಳ್ಳದ ನೀರನ್ನು ಯಾರು ಯಾವ ದಿನ ತಿರುಗಿಸಿಕೊಳ್ಳಬೇಕೆಂಬ ವಿಚಾರದಲ್ಲಿ ಇಬ್ಬರಿಗೂ ಪ್ರತಿ ಬೇಸಗೆಯಲ್ಲಿಯೂ ಒಂದೆರಡು ತಿಂಗಳು ಮಾತು ನಿಲ್ಲುತ್ತದೆ. ಆ ಅವಧಿಯಲ್ಲಿ ಮಕ್ಕಳು ಇಬ್ಬರ ನಡುವೆ ರಾಯಭಾರಿಗಳಾಗುತ್ತಾರೆ.

ಹಿಸೆಪತ್ರಕ್ಕೆ ನಾನೂ ಸಹಿ ಹಾಕಿದ್ದೇನೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುಗಾರರನ್ನಾಗಿ ಮಾಡಿತಷ್ಟೆ. ನಾನು ನನ್ನ ಪಾಲನ್ನು ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆನೊ, ಕೇಳಲು ನಾಚಿ ಸುಮ್ಮನಾದೆನೊ, ಇಂದಿಗೂ ನನಗೆ ಸ್ಪಷ್ಟವಾಗಿಲ್ಲ. ಆ ಮಾತನ್ನು ಯಾರೂ ಎತ್ತುವುದಿಲ್ಲ. ಪ್ರತಿ ವರ್ಷ ನಾನು ಹೊರಡುವ ದಿನ ಒಂದು ಭರಣಿ ಮಿಡಿ ಉಪ್ಪಿನಕಾಯಿಯನ್ನೂ ಒಂದು ಡಬ್ಬಿ ಹಪ್ಪಳವನ್ನೂ ತಂದಿಟ್ಟು ಆಯಿ, ‘ಇದು ನಿನ್ನ ಪಾಲು’ ಎನ್ನುತ್ತಾಳೆ. ಅವಳು ಬೇರೇನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹಾಗೆನ್ನುವುದಲ್ಲ; ಕೇಳುವ ಕಿವಿಯದು ತಪ್ಪು.

ಆದರೆ ಕರ್ವೆಯವರ ಅಳತೆಗೋಲಿಗೆ ಸಿಕ್ಕದ ಒಂದು ಸಂಗತಿಯುಂಟು. ವರ್ಷದ ಐವತ್ತು ವಾರ ಎರಡಾಗಿ ಉರಿಯುವ ಒಲೆ ಈ ಹದಿನೈದು ದಿನಗಳಲ್ಲಿ ತಾನಾಗಿ ಒಂದಾಗುತ್ತದೆ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದ ದೊಡ್ಡ ಒಲೆಯ ಮೇಲೆ ಹಂಡೆ ಏರುತ್ತದೆ. ಅದು ಯಾರ ಹಂಡೆ, ಯಾರ ಕಟ್ಟಿಗೆ ಎಂದು ಕೇಳುವವರಿಲ್ಲ. ಎರಡು ಅಡಿಗೆಮನೆಗಳಲ್ಲಿ ಎರಡು ಸಾರು ಮಾಡಬಹುದು. ಎರಡು ಕಡೆ ಹಲಸಿನ ಹಪ್ಪಳ ಮಾಡಲಿಕ್ಕಾಗುವುದಿಲ್ಲ. ಕೈ ಸಾಲದು.

ಆ ದಿನಗಳ ಗಂಡಸರ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನಾನು ನೋಡಿದ್ದು ದೂರದಿಂದ. ಹೆಂಚುಗಳನ್ನು ಒಂದೊಂದಾಗಿ ಎತ್ತಿ, ಒಡೆದುದನ್ನು ತೆಗೆದು, ಮರದಿಂದ ಉದುರಿದ ಎಲೆಕಸ ಗುಡಿಸಿ ಮತ್ತೆ ಹೊದಿಸಬೇಕು. ಇರಚಲು ಹೊಡೆದು ಮಣ್ಣಿನ ಗೋಡೆ ಕರಗದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಬೆಟ್ಟದಿಂದ ತಂದ ದರಕನ್ನು ಕೊಟ್ಟಿಗೆಯ ಪಕ್ಕದಲ್ಲಿ ಒಟ್ಟಬೇಕು. ಮಳೆಗಾಲದಲ್ಲಿ ದನಗಳ ಕಾಲಡಿಗೆ ಬೇಕಾದ ಒಣ ಹಾಸಿಗೆ ಅದೇ. ನೀರು ತಳ ಕಂಡಿರುವ ಈ ಹೊತ್ತಿನಲ್ಲಿಯೇ ಬಾವಿಗಿಳಿದು ಹೂಳೆತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು: ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ತಮ್ಮ ವರದಿಯನ್ನು ಬರೆದುದು 1910ರಲ್ಲಿ. ನೂರು ವರ್ಷ ಕಳೆದರೂ ಆ ರೋಗದ ಹೆಸರು ಹೇಳಿದರೆ ಅಣ್ಣನ ಮುಖ ಇಂದಿಗೂ ಬಾಡುತ್ತದೆ. ಮಳೆ ಹಿಡಿದಮೇಲೆ ದ್ರಾವಣ ಹೊಡೆದರೆ ಗೊನೆಗೆ ಅಂಟುವುದಿಲ್ಲ. ಬಹಳ ಮುಂಚೆ ಹೊಡೆದರೆ ಬೆಳೆಯುವ ಕಾಯಿಗೆ ಸಾಲುವುದಿಲ್ಲ. ಆದ್ದರಿಂದ ಅಣ್ಣ ಬೆಳಗ್ಗೆ ಎದ್ದ ಕೂಡಲೆ ನೋಡುವುದು ದೇವರ ಮುಖವನ್ನಲ್ಲ, ಪಡುವಣ ದಿಕ್ಕಿನ ಮೋಡವನ್ನು. ಮೋಡದ ಬಳಿಕ ಮೊಬೈಲು. ಎರಡೂ ಒಂದೇ ಮಾತು ಹೇಳುವುದು ಅಪರೂಪ.

ಇನ್ನು ಹಪ್ಪಳ. ಹಲಸಿನ ಹಪ್ಪಳವನ್ನು ಅಂಗಡಿಯಲ್ಲಿ ಕೊಂಡು ಬಲ್ಲವರು ಅದನ್ನು ತಿನಿಸೆಂದು ತಿಳಿದಿದ್ದಾರೆ. ಅದು ಒಂದು ಕಾರ್ಯ. ಉಪನಯನದಂತೆ ಅದಕ್ಕೂ ಮುಹೂರ್ತವಿದೆ, ಸಿದ್ಧತೆಯಿದೆ, ಅವರವರ ಸ್ಥಾನವಿದೆ. ಕಾಯಿ ಬಲಿತಿರಬೇಕು, ಹಣ್ಣಿನ ಕಡೆಗೆ ತಿರುಗಿರಬಾರದು. ಆ ಎರಡರ ನಡುವಿನ ಮೂರು ನಾಲ್ಕು ದಿನಗಳನ್ನು ಬೆರಳಿನಿಂದ ತಟ್ಟಿ ಸದ್ದಿನಿಂದಲೇ ಗುರುತಿಸಬೇಕು. ಈ ವಿದ್ಯೆ ತಮ್ಮನದು. ಹಗ್ಗ ಬಿಗಿದು ಕಾಯಿಯನ್ನು ಪೆಟ್ಟಾಗದಂತೆ ಇಳಿಸುವುದು ಅಣ್ಣನದು. ಮಾತು ನಿಂತಿರುವ ವರ್ಷಗಳಲ್ಲಿ ಮರದ ಮೇಲಿನವನೂ ಬುಡದಲ್ಲಿರುವವನೂ ಬರಿಯ ‘ಹ್ಞೂ’, ‘ಹ್ಞಾ’ಗಳಲ್ಲಿಯೇ ಇಡೀ ಕೆಲಸವನ್ನು ಮುಗಿಸುತ್ತಾರೆ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕಾಯಿ ಸೀಳಿದರೆ ಹಾಲಿನಂಥ ಮೇಣ ಒಸರುತ್ತದೆ. ತಮ್ಮನ ಹೆಂಡತಿ ಸೊಳೆ ಬಿಡಿಸುತ್ತಾಳೆ. ಬೇಳೆ ಪಾಲಾಗುವುದು ಮಕ್ಕಳಿಗೆ. ಅದನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಒಣಗಿಸಿಟ್ಟರೆ ಆಷಾಢದಲ್ಲಿ ಒಲೆಯ ಕೆಂಡಕ್ಕೆ ಬರುತ್ತದೆ. ಹಬೆಯಲ್ಲಿ ಬೆಂದ ಸೊಳೆ ಆರುವ ಮೊದಲೇ ಒರಳಿಗೆ ಬೀಳಬೇಕು. ಉಪ್ಪು, ಮೆಣಸಿನಕಾಯಿ, ಜೀರಿಗೆ. ಅಲ್ಲಿಂದ ಮುಂದೆ ಒನಕೆ.

ಕೆಲವು ವರ್ಷಗಳ ಹಿಂದೆ ಅತ್ತಿಗೆ ಇದನ್ನು ಯಂತ್ರದಲ್ಲಿ ರುಬ್ಬಿ ನೋಡಿದಳು. ಹಿಟ್ಟು ನುಣ್ಣಗಾಯಿತು, ಹಪ್ಪಳ ಕರಿದಾಗ ಕಲ್ಲಾಯಿತು. ಮರುವರ್ಷ ಒನಕೆ ಅಟ್ಟದಿಂದ ಕೆಳಗಿಳಿಯಿತು. ಅದನ್ನು ಎತ್ತಿ ಕುಟ್ಟುವವನು ಈಗ ಬೆಂಗಳೂರಿನ ಸಾಫ್ಟ್‌ವೇರ್ ಮಾಣಿ. ಒಂದು ಸಲ ಅವನು ಕಚೇರಿಯ ಕರೆಯಲ್ಲಿ ಮಾತನಾಡುತ್ತಿದ್ದಾಗ ಕೆಳಗೆ ತಮ್ಮ ಕುಟ್ಟುತ್ತಿದ್ದ ಸದ್ದು ಬೆಂಗಳೂರಿನವರೆಗೆ ಕೇಳಿಸಿ, ಆ ಕಡೆಯವರು ಮನೆ ಕಟ್ಟಿಸುತ್ತಿದ್ದೀರಾ ಎಂದು ವಿಚಾರಿಸಿದರಂತೆ. ಹೌದು ಎಂದು ಹೇಳಿ ಅವನು ಫೋನು ಇಟ್ಟನು.

ಕುಟ್ಟಿದ ಹಿಟ್ಟನ್ನು ಉಂಡೆ ಕಟ್ಟುವುದು ವಯಸ್ಸಾದವರ ಕೆಲಸ. ಉಂಡೆಯ ಗಾತ್ರವನ್ನು ಕಣ್ಣು ಅಳೆಯಲಾರದು, ಅಂಗೈ ಅಳೆಯಬೇಕು. ಅಮ್ಮಮ್ಮನ ಅಂಗೈಯಿಂದ ಬಿದ್ದ ನೂರು ಉಂಡೆಗಳನ್ನು ತಕ್ಕಡಿಗೆ ಹಾಕಿದರೂ ಒಂದಕ್ಕೊಂದು ಹೆಚ್ಚು ಕಡಿಮೆ ಕಾಣುವುದಿಲ್ಲ. ಆಯಿ ಎರಡು ಹಾಳೆಗಳ ನಡುವೆ ಉಂಡೆಯನ್ನಿಟ್ಟು ಮಣೆಯಿಂದ ಒತ್ತುತ್ತಾಳೆ. ಮೊದಲು ಆ ಹಾಳೆ ಬಾಳೆಯೆಲೆಯಾಗಿತ್ತು, ಈಗ ಪ್ಲಾಸ್ಟಿಕ್. ಹತ್ತು ವರ್ಷದ ಹುಡುಗಿ ಒತ್ತಿದ್ದನ್ನು ಕೊಂಡುಹೋಗಿ ಚಾಪೆಯ ಮೇಲೆ ಹರಡುತ್ತಾಳೆ. ಐದು ವರ್ಷದ ಮಾಣಿ ಕೋಲು ಹಿಡಿದು ಕಾಗೆ ಕಾಯುತ್ತಾನೆ, ಎಣಿಸುತ್ತಾನೆ, ಎಣಿಕೆ ತಪ್ಪುತ್ತಾನೆ. ನಡುನಡುವೆ ಹಸಿ ಹಿಟ್ಟಿನ ಒಂದು ಉಂಡೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಾನೆ. ಒಂದು ಉಂಡೆ ಕೈಯಿಂದ ಕೈಗೆ ಸಾಗಿ ಅಂಗಳ ಸೇರುವಷ್ಟರಲ್ಲಿ ನಾಲ್ಕು ತಲೆಮಾರುಗಳನ್ನು ದಾಟಿರುತ್ತದೆ. ನಾನು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಮಾತ್ರ ಪ್ರತಿ ವರ್ಷದ ಸಮಸ್ಯೆ. ತವರಿಗೆ ಬಂದ ಹೆಣ್ಣುಮಗಳು ನೆಂಟಳೂ ಅಲ್ಲ, ಮನೆಯವಳೂ ಅಲ್ಲ. ಕೊನೆಗೆ ಆಯಿಯ ಪಕ್ಕದಲ್ಲಿ ಕುಳಿತು ಹಾಳೆ ಬಿಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇದನ್ನೆಲ್ಲ ಓದಿ ‘ಆಹಾ, ಎಂಥ ಸೊಗಸಾದ ಬಾಳು’ ಎಂದು ಯಾರಾದರೂ ಅಂದುಕೊಂಡರೆ ನಾನು ತಪ್ಪು ಬರೆದೆನೆಂದೇ ಅರ್ಥ. ಮೇ ತಿಂಗಳ ಬಿಸಿಲಿನಲ್ಲಿ, ಹಂಡೆಯ ಉರಿಯ ಮುಂದೆ, ಬೆಳಗಿನ ಐದಕ್ಕೆ ಎದ್ದ ಹೆಂಗಸು ರಾತ್ರಿ ಹತ್ತರವರೆಗೆ ಸೊಂಟ ನೆಟ್ಟಗೆ ಮಾಡುವುದಿಲ್ಲ. ಹನ್ನೆರಡು ಜನಕ್ಕೆ ಬೆಳಗಿನ ತೆಳ್ಳೇವು ಎರೆಯಬೇಕು, ಮಧ್ಯಾಹ್ನಕ್ಕೆ ಅಪ್ಪೆಹುಳಿ, ತಂಬುಳಿ ಆಗಬೇಕು, ಅದರ ನಡುವೆ ಹಪ್ಪಳ. ಹಿಂದಿನ ಕಾಲದಲ್ಲಿ ಹೊಸ ಸೊಸೆಯರು ಒನಕೆಯ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುತ್ತಿರಲಿಲ್ಲವೆಂದು ಆಯಿಯೇ ಹೇಳಿದ್ದಾಳೆ. ಯಾವ ಸೊಸೆಯೆಂದು ನಾನು ಕೇಳಲಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಪಾರೋತಿ, ಸರಸೋತಿಯರ ದುಡಿಮೆಯ ಪುಟಗಳನ್ನು ‘ವರ್ಣನೆ’ಯೆಂದು ಗುರುತು ಮಾಡಿಕೊಂಡು, ‘ಕಥೆ’ ಎಲ್ಲಿಂದ ಶುರುವಾಗುತ್ತದೆಂದು ಹುಡುಕುತ್ತಾರೆ. ಆ ಮೂರು ತಲೆಮಾರಿನ ಮನೆಯನ್ನು ಎತ್ತಿ ಹಿಡಿದ ಕಂಬ ಆ ಪುಟಗಳಲ್ಲಿಯೇ ಇದೆಯೆಂದು ನಾನು ಹೇಳುವುದನ್ನು ಅವರು ಪರೀಕ್ಷೆಗೆ ಬರೆದುಕೊಳ್ಳುತ್ತಾರೆ.

ನಾನು ಹೇಳಬೇಕೆಂದಿದ್ದ ಸಂಗತಿ ಉಪ್ಪಿನದು.

ಅಪ್ಪೆಮಿಡಿಯ ಉಪ್ಪಿನಕಾಯಿ ಅಮ್ಮಮ್ಮನ ರಾಜ್ಯ. ಹೊಳೆಯಂಚಿನ ಕಾಡುಮಾವಿನ ಮರಗಳಿಂದ, ಒಳಗಿನ ಓಟೆ ಗಟ್ಟಿಯಾಗುವ ಮೊದಲು, ತೊಟ್ಟು ಮುರಿಯದಂತೆ ಮಿಡಿ ಕೊಯ್ಯುತ್ತಾರೆ. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳ ಹೋಯಿತು. ಒಂದು ಮರದ ಸೊನೆಗೆ ಜೀರಿಗೆಯ ವಾಸನೆ, ಇನ್ನೊಂದರದಕ್ಕೆ ಕರ್ಪೂರದ್ದು. ಫಾಲ್ಗುಣದ ಹೊತ್ತಿಗೆ ಭರಣಿಯಲ್ಲಿ ಕಲ್ಲುಪ್ಪಿನೊಡನೆ ಪದರಪದರವಾಗಿ ತುಂಬಿಟ್ಟ ಮಿಡಿ ತನ್ನ ನೀರನ್ನೇ ಬಿಟ್ಟುಕೊಂಡು, ಚಿರುಟಿಕೊಂಡು, ಬೇಸಗೆಯ ಕೊನೆಗೆ ಖಾರಕ್ಕೆ ಸಿದ್ಧವಾಗುತ್ತದೆ. ಆಗ ಆ ಉಪ್ಪುನೀರನ್ನು ಕಾಯಿಸಿ ಆರಿಸಿ, ಅದರಲ್ಲಿಯೇ ಸಾಸಿವೆ, ಮೆಣಸು, ಅರಿಶಿನಗಳನ್ನು ಅರೆದು ಸೇರಿಸಬೇಕು. ಕೊನೆಯ ಉಪ್ಪನ್ನು ನಿರ್ಣಯಿಸುವುದು ಅಂದಿನ ದಿನ. ಅದಕ್ಕೆ ಸೇರಿಲ್ಲ, ಪಾವಿಲ್ಲ. ಅಮ್ಮಮ್ಮ ಬೆರಳ ತುದಿಯಿಂದ ನಾಲಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ‘ಇನ್ನೊಂದು ಹಿಡಿ’ ಎನ್ನುತ್ತಾಳೆ, ಇಲ್ಲವೆ ‘ಸಾಕು’ ಎನ್ನುತ್ತಾಳೆ. ಅರುವತ್ತು ವರ್ಷಗಳಿಂದ ಆ ‘ಸಾಕು’ ಎಂಬುದೇ ನಮ್ಮ ಮನೆಯ ಮಾನದಂಡ. (ಭರಣಿಯೆಂಬುದು ಮಳೆಯ ನಕ್ಷತ್ರದ ಹೆಸರೂ ಹೌದು, ಉಪ್ಪಿನಕಾಯಿಯ ಪಾತ್ರೆಯ ಹೆಸರೂ ಹೌದು. ಭರಣಿಯಲ್ಲಿ ಮಳೆ ಬಂದರೆ ಭರಣಿಗೆ ಬೂಷ್ಟು ಎಂದು ಅಮ್ಮಮ್ಮ ಹಾಸ್ಯ ಮಾಡುತ್ತಾಳೆ; ಶ್ಲೇಷಾಲಂಕಾರಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಇದೇ.)

2023ರಲ್ಲಿ ಆ ಮಾನದಂಡ ತಪ್ಪಿತು. ಶ್ರಾವಣದಲ್ಲಿ ಬಾಯಿಬಟ್ಟೆ ಬಿಚ್ಚಿದಾಗ ಮೂರು ಭರಣಿಗಳಲ್ಲಿ ಎರಡರ ಮೇಲೆ ಬೂಷ್ಟು ಕಟ್ಟಿತ್ತು. ಕಾರಣವನ್ನು ಮೊದಲು ಊಹಿಸಿದವಳು ಅತ್ತಿಗೆ. ರಕ್ತದೊತ್ತಡದ ಸಲುವಾಗಿ ವೈದ್ಯರ ಮಾತಿನಂತೆ ಅಮ್ಮಮ್ಮ ಕೆಲವು ವರ್ಷಗಳಿಂದ ಉಪ್ಪು ಕಡಿಮೆ ಹಾಕಿದ ಊಟವನ್ನೇ ಮಾಡುತ್ತಿದ್ದಾಳೆ. ಹಾಗೆ ಉಂಡು ರೂಢಿಯಾದ ನಾಲಗೆಗೆ ಸ್ವಲ್ಪ ಉಪ್ಪೂ ಬಹಳವೆನಿಸುತ್ತದೆ. ಅವಳ ‘ಸಾಕು’ ಎಲ್ಲರ ‘ಸಾಕು’ವಿಗಿಂತ ಮೊದಲೇ ಬಂದುಬಿಡುತ್ತಿದೆ.

ಇದನ್ನು ಅವಳಿಗೆ ಹೇಳುವವರು ಯಾರು? ಮನೆಯಲ್ಲಿ ಆ ವಿಚಾರವಾಗಿ ಮಾತೇ ನಡೆಯಲಿಲ್ಲ. ಅಣ್ಣ ತಮ್ಮಂದಿರು ನೀರಿಗಾಗಿ ಮಾತು ಬಿಡಬಲ್ಲರು, ಆದರೆ ಈ ವಿಷಯದಲ್ಲಿ ಇಬ್ಬರೂ ಒಂದೇ ಬಗೆಯಾಗಿ ಸುಮ್ಮನಿದ್ದರು. ಬೂಷ್ಟು ಹಿಡಿದದ್ದಕ್ಕೆ ಆ ವರ್ಷದ ಭಾರಿ ಮಳೆ ಕಾರಣವೆಂದು ಆಯಿ ಘೋಷಿಸಿದಳು. ಆ ವರ್ಷ ಮಳೆ ಕಡಿಮೆಯಾಗಿತ್ತೆಂಬುದು ಎಲ್ಲರಿಗೂ ನೆನಪಿತ್ತು, ಯಾರೂ ತಿದ್ದಲಿಲ್ಲ. 2024ರಲ್ಲಿ ಅಮ್ಮಮ್ಮ ಎಂದಿನಂತೆ ನಾಲಗೆಗೆ ಮುಟ್ಟಿಸಿಕೊಂಡು ‘ಸಾಕು’ ಎಂದಳು. ಅವಳು ಅತ್ತ ಹೋದಮೇಲೆ ಅತ್ತಿಗೆ ಒಂದೊಂದು ಭರಣಿಗೂ ಎರಡೆರಡು ಹಿಡಿ ಉಪ್ಪು ಸೇರಿಸಿ ಬಾಯಿಬಟ್ಟೆ ಕಟ್ಟಿದಳು. ಆ ವರ್ಷದ ಉಪ್ಪಿನಕಾಯಿಯನ್ನು ತಿಂದವರೆಲ್ಲ ಅಮ್ಮಮ್ಮನ ಕೈಗುಣವನ್ನು ಹೊಗಳಿದರು. ಅತ್ತಿಗೆಯೇ ಎಲ್ಲರಿಗಿಂತ ಹೆಚ್ಚು ಹೊಗಳಿದಳೆಂದು ಕೇಳಿದೆ.

2025ರಲ್ಲಿ ಇದು ನನ್ನ ಕಣ್ಣೆದುರಿನಲ್ಲಿಯೇ ನಡೆಯಿತು. ಖಾರ ಹಾಕುವ ದಿನ ಬೆಳಗಿನಿಂದ ಅಮ್ಮಮ್ಮ ಮಡಿಯುಟ್ಟು ಕುಳಿತಿದ್ದಳು. ಬೆರಳಿನ ತುದಿ, ನಾಲಗೆ, ಮುಚ್ಚಿದ ಕಣ್ಣು, ‘ಸಾಕು’. ಅನಂತರ ಸೊಂಟ ಹಿಡಿದುಕೊಂಡು ಎದ್ದು, ಜಗುಲಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನಗೆ ಆಶ್ಚರ್ಯವಾಯಿತು. ಹಗಲಿನಲ್ಲಿ ಮಲಗುವವರ ಮನೆಗೆ ದಾರಿದ್ರ್ಯ ಬರುತ್ತದೆಂದು ನಮ್ಮನ್ನೆಲ್ಲ ಎಬ್ಬಿಸಿ ಓಡಿಸುತ್ತಿದ್ದವಳು ಅವಳು. ಜ್ವರ ಬಂದಾಗಲೂ ಹಗಲು ಕಂಬಕ್ಕೊರಗಿ ಕುಳಿತಿರುತ್ತಿದ್ದಳೇ ಹೊರತು ಬೆನ್ನು ನೆಲಕ್ಕೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ವಯಸ್ಸಾಯಿತು ಎಂದುಕೊಂಡೆ. ಒಳಗೆ ಅತ್ತಿಗೆ ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಉಪ್ಪಿನ ಮರಿಗೆಗೆ ಕೈ ಹಾಕಿದಳು.

ಹಪ್ಪಳದ ದೊಡ್ಡ ದಿನ ಅದಾದ ಮೂರು ನಾಲ್ಕು ದಿನಕ್ಕೆ ಬಂತು. ಆ ವರ್ಷದ ಮೇ ತಿಂಗಳನ್ನು ನಮ್ಮ ಕಡೆಯವರು ಬೇಗ ಮರೆಯಲಾರರು. ನೈಋತ್ಯ ಮಾರುತ ಕೇರಳವನ್ನು ಮುಟ್ಟುವುದು ವಾಡಿಕೆಯಂತೆ ಜೂನ್ 1ರ ಸುಮಾರಿಗೆ. 2025ರಲ್ಲಿ ಅದು ಮೇ 24ಕ್ಕೇ ಮುಟ್ಟಿತು. 2009ರಿಂದೀಚೆಗೆ ಅಷ್ಟು ಬೇಗ ಬಂದದ್ದಿಲ್ಲ. ಅದಕ್ಕೂ ಮೊದಲೇ, 20ರ ಸುಮಾರಿನಿಂದಲೇ, ಪಡುವಣದ ಮಳೆ ಮಲೆನಾಡಿಗೆ ಏರಿಬಂದಿತ್ತು. ಹೆಂಚು ಅರ್ಧ ಕೈಯಾಡಿಸಿತ್ತು. ಬೋರ್ಡೋ ಒಂದು ತೋಟಕ್ಕೆ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಅಂಗಳದ ಚಾಪೆಗಳ ಮೇಲೆ ಆರುನೂರಕ್ಕೂ ಹೆಚ್ಚು ಹಪ್ಪಳ ಒಂದು ಮಗ್ಗುಲು ಮಾತ್ರ ಒಣಗಿತ್ತು.

ಸಂಜೆ ನಾಲ್ಕರ ಹೊತ್ತಿಗೆ ಗುಡ್ಡದ ಆಚೆಯಿಂದ ಮಳೆಯ ಸದ್ದು ಮೊದಲು ಕೇಳಿಸಿತು. ಮಲೆನಾಡಿನ ಮಳೆ ಕಾಣುವ ಮೊದಲು ಕೇಳುತ್ತದೆ. ಕಾಡಿನ ಎಲೆಗಳ ಮೇಲೆ ನಡೆದು ಬರುವ ಆ ಸದ್ದಿಗೂ ಮೊದಲ ಹನಿಗೂ ನಡುವೆ ಒಂದೆರಡು ನಿಮಿಷಗಳ ಅವಕಾಶವಿರುತ್ತದೆ. ಆ ಅವಕಾಶದಲ್ಲಿ ಮನೆಯಲ್ಲಿದ್ದವರೆಲ್ಲ ಅಂಗಳಕ್ಕೆ ಬಿದ್ದರು. ಮಾಣಿ ಮೆತ್ತಿಯಿಂದ ಹಾರಿ ಬಂದ, ಕಿವಿಯಲ್ಲಿ ಕಚೇರಿ ಮಾತನಾಡುತ್ತಲೇ ಇತ್ತು. ಒಂದು ಚಾಪೆಯ ಎರಡು ತುದಿಗಳನ್ನು ಯಾರು ಹಿಡಿದರೆಂದು ನೋಡಿದರೆ ಒಂದು ಕಡೆ ಅಣ್ಣ, ಇನ್ನೊಂದು ಕಡೆ ತಮ್ಮ. ‘ನಿಧಾನ, ಓರೆ ಆಗ್ತು’ ಎಂದ ಅಣ್ಣ. ‘ನೀ ಎತ್ತು’ ಎಂದ ತಮ್ಮ. ಏಪ್ರಿಲ್‌ನಿಂದ ಅವರಿಬ್ಬರ ನಡುವೆ ನಡೆದ ಮೊದಲ ಸಂಭಾಷಣೆ ಅದು. ಬೈಗುಳವೂ ಇಲ್ಲದಿರಲಿಲ್ಲ: ಚಾಪೆಗಳನ್ನು ಮಧ್ಯಾಹ್ನವೇ ಒಳಗೆ ತರಬೇಕಿತ್ತೆಂದು ಅತ್ತಿಗೆ, ಹಾಗೆಂದು ಬೆಳಗ್ಗೆಯೇ ಹೇಳಿದ್ದೆನೆಂದು ತಮ್ಮನ ಹೆಂಡತಿ. ಹಪ್ಪಳದಲ್ಲಿ ನೂರರಷ್ಟು ನೆನೆದು ಹೋದುವು. ಉಳಿದುವನ್ನು ಹಿತ್ತಿಲ ಒಲೆಯ ಬದಲು ಒಳಗಿನ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹರಡಿ, ಕೆಂಡದ ಕಾವಿನಲ್ಲಿ ರಾತ್ರಿಯೆಲ್ಲ ತಿರುವಿ ಹಾಕಬೇಕಾಯಿತು.

ಆ ರಾತ್ರಿ ಸರದಿಯ ಮೇಲೆ ಎಚ್ಚರವಿದ್ದವರಲ್ಲಿ ನನ್ನದೂ ಅಮ್ಮಮ್ಮನದೂ ಒಂದು ಜೋಡಿ. ಅವಳಿಗೆ ಹೇಗೂ ನಿದ್ದೆ ಕಡಿಮೆ. ಹೊರಗೆ ಮಳೆ ಹಿಡಿದಿತ್ತು, ಕರೆಂಟು ಹೋಗಿತ್ತು. ಹಪ್ಪಳ ತಿರುವುತ್ತ ತಿರುವುತ್ತ, ಸುಮ್ಮನೆ ಮಾತಿಗೆಂದು, ಈ ವರ್ಷದ ಮಿಡಿ ಹೇಗಾಗಬಹುದೆಂದು ಕೇಳಿದೆ.

‘ಚೊಲೋ ಆಗ್ತು ಕೂಸೆ. ಅದು ಎರಡು ಹಿಡಿ ಹಾಕ್ತಲೆ’ ಎಂದಳು.

ನಮ್ಮ ಹವ್ಯಕರ ಮಾತಿನಲ್ಲಿ ಹೆಂಗಸರನ್ನು ನಪುಂಸಕಲಿಂಗದಿಂದಲೇ ನಿರ್ದೇಶಿಸುವುದು ವಾಡಿಕೆ. ಆದ್ದರಿಂದ ‘ಅದು’ ಎಂದರೆ ಯಾವುದೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ತಿಳಿದಮೇಲೆ ಕೈ ನಿಂತಿತು.

‘ನಿನಗೆ ಗೊತ್ತಿದ್ದಾ?’

‘ಎಂಗೆ ಗೊತ್ತಿಲ್ಯಾ? ನಾಲಗೆ ಸತ್ತೋದ್ರೆ ತಲೆಯೂ ಸತ್ತೋಗ್ತಾ?’ ಎಂದು ಅಮ್ಮಮ್ಮ ಒಂದು ಹಪ್ಪಳವನ್ನು ತಿರುವಿದಳು. ಸ್ವಲ್ಪ ಹೊತ್ತು ಬಿಟ್ಟು, ‘ಆನು ಎದುರಿಗೆ ಕೂತಿದ್ರೆ ಅದು ಹೆಂಗೆ ಹಾಕ್ತು? ಅದಕ್ಕೇ ಹೋಗಿ ಮಲಗ್ತಿ’ ಎಂದಳು. ಮತ್ತೆ, ಒಲೆಯ ಕಡೆಗೇ ನೋಡುತ್ತ, ‘ಅದಕ್ಕೆ ಹೇಳಡ’ ಎಂದಳು.

ನಾನು ಒಂದು ದಿನವೆಲ್ಲ ಆ ಮಾತನ್ನು ಕಾಪಾಡಿದೆ. ಎರಡನೆಯ ದಿನ ಹಿತ್ತಿಲಲ್ಲಿ ಅತ್ತಿಗೆಯೊಬ್ಬಳೇ ಮುರುಗಲು ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ. ಮೇಷ್ಟರಿಗೆ ಗುಟ್ಟು ನಿಲ್ಲುವುದಿಲ್ಲವೆಂಬ ಗಾದೆಯಿಲ್ಲ, ಇರಬೇಕಾಗಿತ್ತು. ಅತ್ತಿಗೆ ತಲೆಯೆತ್ತಲಿಲ್ಲ. ಕೆಂಪಾದ ಬೆರಳುಗಳಿಂದ ಇನ್ನೊಂದು ಹಣ್ಣನ್ನು ಸೀಳಿ, ‘ಅಮ್ಮಮ್ಮ ಹಗಲು ಮಲಗಿದ್ದು ಬೇರೆ ಯಾವತ್ತಾದರೂ ಕಂಡಿದ್ಯಾ?’ ಎಂದಳು.

ಎಂ.ಎ. ಮಾಡಿ, ಇಪ್ಪತ್ತು ವರ್ಷ ಕಾವ್ಯದಲ್ಲಿ ಧ್ವನಿಯೆಂದರೇನೆಂದು ಪಾಠ ಹೇಳಿದವಳಿಗೆ ಅಷ್ಟು ಹೊತ್ತು ಹಿಡಿಯಿತು.

ಮರುದಿನ ನಾನು ಹೊರಟೆ. ಮಳೆ ಬಿಟ್ಟಿರಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡ ತಮ್ಮ ಬಸ್ಸಿನವರೆಗೆ ಬಂದ. ತೋಟದ ಬದಿಯಲ್ಲಿ ಅಣ್ಣ ಬಸಿಗಾಲುವೆ ಬಿಡಿಸುತ್ತಿದ್ದ. ಎರಡು ದಿನ ಬಿಸಿಲು ಬಿದ್ದರೆ ಉಳಿದ ತೋಟಕ್ಕೂ ಔಷಧಿ ಹೊಡೆದುಕೊಡುತ್ತೇನೆಂದು ತಮ್ಮ ಅತ್ತ ಕೂಗಿ ಹೇಳಿದ. ಯಾರ ತೋಟ ಉಳಿದಿತ್ತೆಂದು ನಾನು ವಿಚಾರಿಸಲಿಲ್ಲ. ಭರಣಿಯ ಬಾಯಿಗೆ ಆಯಿ ಎರಡು ಪದರ ಬಟ್ಟೆ ಕಟ್ಟಿದ್ದಳು. ‘ಇದು ನಿನ್ನ ಪಾಲು’ ಎಂದಳು. ಡಬ್ಬಿಯೊಳಗಿನ ಹಪ್ಪಳಕ್ಕೆ ಹೊಗೆಯ ವಾಸನೆ ಹಿಡಿದಿತ್ತು; ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದಾಕೆ ಎಲ್ಲಿ ಬೆಂಕಿ ಬಿತ್ತೆಂದು ಕೇಳಿದಳು.